ಮುಂದಿನ ಬೆಂಚಿನವರು ಇನ್ನು ಎಲ್ಲಿ ಕೂರಬೇಕು?

ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ, ಸದಾಶಿವನಗರದ ಅಂಚಿಗೆ, ಕಾವೇರಿ ಜಂಕ್ಷನ್ ಎಂಬ ಒಂದು ಕೂಡುರಸ್ತೆ ಇದೆ. ಅಲ್ಲಿ ನದಿಯೂ ಇಲ್ಲ, ನದಿಯ ನಾಲೆಯೂ ಇಲ್ಲ. ಹೆಸರು ಬಂದದ್ದು ಒಂದು ಚಿತ್ರಮಂದಿರದಿಂದ. 1974ರ ಜನವರಿಯಲ್ಲಿ ರಾಜಕುಮಾರರ ‘ಬಂಗಾರದ ಪಂಜರ’ ಚಿತ್ರದೊಂದಿಗೆ ಬಾಗಿಲು ತೆರೆದ ಆ ಕಾವೇರಿ ಚಿತ್ರಮಂದಿರ, ಸುಮಾರು ಸಾವಿರದ ಮುನ್ನೂರು ಜನ ಒಟ್ಟಿಗೆ ಕೂರಬಹುದಾಗಿದ್ದ ಆ ದೊಡ್ಡ ಮನೆ, ಐವತ್ತು ವರ್ಷ ನಡೆದು 2024ರಲ್ಲಿ ಮುಚ್ಚಿತು. ಹಿಂದೆಯೇ ಕೆಡಹುವ ಯಂತ್ರಗಳು ಬಂದವು. ಆ ಜಾಗದಲ್ಲಿ ವಾಣಿಜ್ಯ ಕಟ್ಟಡ ಏಳುವುದೆಂದು ಪತ್ರಿಕೆಗಳು ಬರೆದವು. ಮಂದಿರ ಹೋಯಿತು, ಕೂಡುರಸ್ತೆಗೆ ಅದರ ಹೆಸರು ಮಾತ್ರ ಉಳಿಯಿತು. ಸತ್ತವನ ಹೆಸರಿನಲ್ಲಿ ರೇಷನ್ ಕಾರ್ಡು ಉಳಿದ ಹಾಗೆ!

ಕಾವೇರಿ ಬಿದ್ದಾಗ ರಾಜಧಾನಿಯ ಅನೇಕ ಮಹಾಶಯರು ಕಣ್ಣೀರಿಟ್ಟು ಲೇಖನ ಬರೆದರು. ಕಾಲೇಜು ತಪ್ಪಿಸಿ ಹೋಗಿದ್ದು, ಸ್ನೇಹಿತೆಯ ಜೊತೆ ಕೂತದ್ದು, ವಿರಾಮದಲ್ಲಿ ತಿಂದ ಸಮೋಸದ ರುಚಿ, ಎಲ್ಲವನ್ನೂ ನೆನೆದರು. ನಾವು ಆ ಕಣ್ಣೀರನ್ನು ಹಾಸ್ಯ ಮಾಡುವುದಿಲ್ಲ. ಆದರೆ ಒಂದು ಮಾತು. ನೆನಪು ಬರೆದವರಲ್ಲಿ ಹೆಚ್ಚಿನವರು ಬಾಲ್ಕನಿಯಲ್ಲಿ ಕೂತವರು. ಅವರಿಗೆ ಚಿತ್ರಮಂದಿರ ಹೋದರೆ ಹೋದದ್ದು ಒಂದು ನೆನಪು; ಸಂಜೆಗೆ ಬೇರೆ ಕಡೆ ಕೂರಲು ಮೆತ್ತನೆಯ ಕುರ್ಚಿ ಅವರಿಗೆ ಸಿದ್ಧವಾಗಿಯೇ ಇದೆ. ಮುಂದಿನ ಬೆಂಚಿನಲ್ಲಿ ಕುತ್ತಿಗೆ ಎತ್ತಿ ಪರದೆ ನೋಡಿದವನು ಲೇಖನ ಬರೆಯಲಿಲ್ಲ. ಅವನಿಗೆ ಹೋದದ್ದು ನೆನಪಲ್ಲ, ಜಾಗ. ಆ ಜಾಗದ ಲೆಕ್ಕವನ್ನು ಈ ವಾರ ಓದುಗರ ಮುಂದೆ ಇಡಬೇಕೆಂದು ಕೂತಿದ್ದೇವೆ.

ಬೆಂಗಳೂರಿನ ಟಾಕೀಸು ಬಿದ್ದರೆ ನಮ್ಮ ಊರಿನವರಿಗೇನು ಎಂದು ಕೇಳುವವರಿದ್ದಾರೆ. ರಾಜಧಾನಿಯಲ್ಲಿ ಹರಿದ ಗಾಳಿ ಜಿಲ್ಲೆಯ ಊರಿಗೆ ಬರಲು ಬಹಳ ದಿನ ಬೇಕಿಲ್ಲ. ನಮ್ಮ ಊರಿನ ಹಳೆಯ ಟಾಕೀಸಿನ ಗೇಟಿಗೂ ಬೀಗ ಬಿದ್ದಿದೆಯೆಂಬುದನ್ನು ಗಿರಣಿಗೆ ಹೋಗುವ ದಾರಿಯಲ್ಲಿ ನೀವು ದಿನವೂ ನೋಡುತ್ತಿದ್ದೀರಿ.

ಮೊದಲು ಸ್ವಲ್ಪ ಹಿಂದಿನ ಕಥೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಎಂಬ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಯಿತು. ಪರದೆ ಮೊದಲ ಸಲ ಕನ್ನಡದಲ್ಲಿ ಮಾತಾಡಿತು. ಚಿತ್ರ ತೆಗೆದದ್ದು ಕೊಲ್ಲಾಪುರದಲ್ಲಿ, ಏಕೆಂದರೆ ನಮ್ಮ ನಾಡಿನಲ್ಲಿ ಆಗ ಸ್ಟುಡಿಯೋ ಇರಲಿಲ್ಲ. ಆ ಚಿತ್ರಮಂದಿರ ನಿಂತಿದ್ದದ್ದು ಅರಮನೆಯ ಬಳಿ ಅಲ್ಲ, ದಂಡು ಪ್ರದೇಶದ ದೊರೆಗಳ ಬೀದಿಯಲ್ಲೂ ಅಲ್ಲ. ಮೂಟೆ ಹೊರುವವರ, ತರಕಾರಿ ಮಾರುವವರ, ಗಾಡಿ ಹೊಡೆಯುವವರ ನಡುವೆ. ಮುಂದೆ ಪರಿಮಳ ಎಂದು ಹೆಸರು ಬದಲಾಯಿಸಿಕೊಂಡ ಆ ಮಂದಿರವೂ ಇಂದು ಇಲ್ಲ. ಕನ್ನಡದ ಹೆಸರಿನಲ್ಲಿ ಎದೆ ತಟ್ಟಿಕೊಳ್ಳುವ ಸರ್ಕಾರಗಳು ಎಷ್ಟು ಬಂದು ಹೋದವು! ಕನ್ನಡ ಚಿತ್ರ ಹುಟ್ಟಿದ ಮನೆಯನ್ನು ಉಳಿಸಿಕೊಳ್ಳಬೇಕೆಂದು ಅವುಗಳಲ್ಲಿ ಒಂದಕ್ಕೂ ತೋಚಲಿಲ್ಲ.

ಆಮೇಲೆ ಬಂದದ್ದು ಜಾಗಕ್ಕಾಗಿ ಹೋರಾಟ. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಬೇರೆ ಭಾಷೆಯ ಚಿತ್ರಗಳದೇ ಮೆರವಣಿಗೆಯಾಗಿ ಕನ್ನಡ ಚಿತ್ರಕ್ಕೆ ಬಾಗಿಲು ಸಿಗದಿದ್ದಾಗ, 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮುಂತಾದವರು ಬೀದಿಗೆ ಇಳಿದರು. ಅಂದಿನ ಚಳವಳಿ ಭಾಷೆಯದು ಎಂದು ನಾವೆಲ್ಲ ಓದಿದ್ದೇವೆ. ಅದು ಜಾಗದ ಚಳವಳಿಯೂ ಆಗಿತ್ತು. ನಮ್ಮ ಊರಿನ ಸೂರಿನ ಕೆಳಗೆ ನಮ್ಮ ಮಾತು ಕೇಳಿಸಬೇಕು, ಅಲ್ಲಿ ನಮ್ಮ ಜನ ಕೂರಬೇಕು ಎಂಬುದೇ ಅದರ ತಿರುಳು. ಅಂದು ಬಾಗಿಲು ತೆರೆಸಿದವರು ಒಳಗೆ ಹೋಗಿ ಕೂತದ್ದು ಮುಂದಿನ ಬೆಂಚಿನಲ್ಲಿಯೇ.

ಅಲ್ಲಿಂದ ಮುಂದೆ ಕಟ್ಟುವ ಕಾಲ. 1968ರಲ್ಲಿ ಗಾಂಧಿನಗರದಲ್ಲಿ ಕಪಾಲಿ ಬಂತು; ಸಾವಿರದ ನಾಲ್ಕುನೂರಕ್ಕೂ ಮೇಲ್ಪಟ್ಟ ಆಸನ, ಸಿನೆರಾಮಾ ಪರದೆ, ಉದ್ಘಾಟನೆಗೆ ಮೊರಾರ್ಜಿ ದೇಸಾಯಿಯವರೇ ಬಂದಿದ್ದರು. ಮೆಜೆಸ್ಟಿಕ್ಕಿನ ಸುತ್ತ ಒಂದರ ಪಕ್ಕ ಒಂದು ಮಂದಿರ ನಿಂತು ಜಾಗ ಸಾಲದಾದಾಗ, ಊರು ಬೆಳೆದ ಕಡೆಗೆ ಚಿತ್ರಮಂದಿರಗಳೂ ನಡೆದವು. ಬಡಾವಣೆಗೆ ಒಂದು ಟಾಕೀಸು. ಕಾವೇರಿಯೂ ಹಾಗೆ ಬಂದದ್ದು. ಬಡಾವಣೆಯ ಟಾಕೀಸಿನ ಗುಣವೇ ಬೇರೆ. ಮೆಜೆಸ್ಟಿಕ್ಕಿಗೆ ಹೋಗಲು ಬಸ್ಸಿನ ಚಾರ್ಜು ಬೇಕು, ಒಗೆದ ಅಂಗಿ ಬೇಕು. ಬಡಾವಣೆಯ ಟಾಕೀಸಿಗೆ ಪಾಳಿ ಬಿಟ್ಟ ಮೈಯಲ್ಲಿಯೇ ನಡೆದು ಹೋಗಬಹುದಿತ್ತು. ಮನೆಯಲ್ಲಿ ಅಡಿಗೆ ಮುಗಿಸಿದ ಹೆಂಗಸರು ನೆರೆಯವರನ್ನು ಕೂಡಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮ್ಯಾಟಿನಿಗೆ ಹೋಗಬಹುದಿತ್ತು. ಗಂಡಸರ ಅಪ್ಪಣೆ ಕಾಯದೆ ಹೆಂಗಸರು ಹತ್ತು ಮಂದಿ ಸೇರಿ ಮೂರು ಗಂಟೆ ಕಾಲ ತಮ್ಮ ಪಾಡಿಗೆ ತಾವು ಕೂರುತ್ತಿದ್ದ ಜಾಗ, ದೇವಸ್ಥಾನ ಬಿಟ್ಟರೆ ನಮ್ಮ ಊರುಗಳಲ್ಲಿ ಇನ್ನೊಂದು ಯಾವುದಿತ್ತು? ದೇವಸ್ಥಾನಕ್ಕೂ ಎಲ್ಲರನ್ನೂ ಬಿಡುತ್ತಿರಲಿಲ್ಲ. ಟಾಕೀಸಿನ ಕಿಟಕಿಯಲ್ಲಿ ಕೈ ಇಟ್ಟರೆ ಜಾತಿ ಕೇಳದೆ ಟಿಕೀಟು ಕೊಡುತ್ತಿದ್ದರು. ಇದನ್ನು ಸಣ್ಣ ಸಂಗತಿಯೆಂದು ತಿಳಿದವರು ಆ ಸಾಲಿನಲ್ಲಿ ಎಂದೂ ನಿಲ್ಲಲಿಲ್ಲವೆಂದೇ ಅರ್ಥ.

ಹಾಗೆಂದು ಹಳೆಯ ಚಿತ್ರಮಂದಿರ ಸಮತೆಯ ಗುಡಿಯಾಗಿತ್ತೆಂದು ನಾವು ಸುಳ್ಳು ಹೇಳುವುದಿಲ್ಲ. ಮುಂದಿನ ತರಗತಿಗೆ ಬೇರೆ ಬಾಗಿಲು, ಬೇರೆ ಸಾಲು. ಆ ಸಾಲಿಗೆ ದನದ ದೊಡ್ಡಿಯಂತೆ ಕಬ್ಬಿಣದ ಸರಳು. ಬೆಂಚಿನಲ್ಲಿ ತಿಗಣೆ. ಫ್ಯಾನು ತಿರುಗಿದರೆ ಅದೃಷ್ಟ. ಗಲಾಟೆಯಾದರೆ ಗೇಟಿನವನ ಬೆತ್ತ ಬೀಳುತ್ತಿದ್ದದ್ದು ಮುಂದಿನವರ ಬೆನ್ನಿಗೇ ಹೊರತು ಬಾಲ್ಕನಿಯವರ ಬೆನ್ನಿಗಲ್ಲ. ಅತಿ ಅಗ್ಗದ ಆ ಜಾಗಕ್ಕೆ ‘ಗಾಂಧಿ ಕ್ಲಾಸು’ ಎಂದು ಹೆಸರಿಟ್ಟ ಜಾಣ ಯಾರೋ ಗೊತ್ತಿಲ್ಲ. ಮಹಾತ್ಮರು ಮೂರನೆಯ ತರಗತಿಯಲ್ಲಿ ರೈಲು ಹತ್ತುತ್ತಿದ್ದರೆಂಬುದನ್ನು ಮಾತ್ರ ಅವನು ಚೆನ್ನಾಗಿ ಬಲ್ಲವನು. ದೊಡ್ಡ ಚಿತ್ರ ಬಂದ ಶುಕ್ರವಾರ ಕಿಟಕಿ ತೆರೆಯುವ ಮುನ್ನವೇ ಟಿಕೀಟು ಕಾಳಸಂತೆಗೆ ಹೋಗುತ್ತಿದ್ದದ್ದೂ ನಿಜ.

ಇಷ್ಟೆಲ್ಲ ಇದ್ದರೂ ಒಂದು ವ್ಯವಸ್ಥೆ ಅಲ್ಲಿತ್ತು. ಒಂದೇ ಸೂರು, ಒಂದೇ ಪರದೆ, ಒಂದೇ ಚಿತ್ರ, ಒಂದೇ ಹೊತ್ತು. ಮೇಲೆ ಕೂತವನು ಹೆಚ್ಚು ಕೊಟ್ಟ, ಕೆಳಗೆ ಕೂತವನು ಕಡಿಮೆ ಕೊಟ್ಟ. ಇಬ್ಬರ ಹಣವೂ ಸೇರಿ ಕಟ್ಟಡ ನಡೆಯಿತು. ಧಣಿಯ ನಗೆಹನಿಗೂ ಆಳಿನ ನಗೆಹನಿಗೂ ಒಂದೇ ಕ್ಷಣ. ನಾಯಕ ಬಂದಾಗ ಮುಂದಿನಿಂದ ಎದ್ದ ಶಿಳ್ಳೆಯಿಂದಲೇ ಬಾಲ್ಕನಿಯವರಿಗೂ ಚಿತ್ರ ಚಿತ್ರವೆನಿಸುತ್ತಿತ್ತು. ಇಂದಿನ ಮಾಲಿನ ಮಲ್ಟಿಪ್ಲೆಕ್ಸು ತೆಗೆದುಹಾಕಿದ್ದು ಆ ಬೆಂಚನ್ನು. ಅಲ್ಲಿ ಹೆಚ್ಚಿನ ದರ ಇದೆ, ಅದಕ್ಕಿಂತ ಹೆಚ್ಚಿನ ದರ ಇದೆ. ಕಡಿಮೆಯ ದರ ಎಂಬ ತರಗತಿಯೇ ಇಲ್ಲ. ನಾವು ಸಮಾಜವಾದಿಗಳು ಇಷ್ಟು ವರ್ಷ ವರ್ಗವಿಲ್ಲದ ಸಮಾಜ ಕೇಳಿದೆವು. ಬಂಡವಾಳದವರು ಒಂದೇ ವರ್ಗದ ಚಿತ್ರಮಂದಿರ ಕಟ್ಟಿಕೊಟ್ಟರು!

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಶನಿವಾರದ ಮ್ಯಾಟಿನಿಗೆ ನುಗ್ಗಿದ ಹುಡುಗರನ್ನು ಸೋಮವಾರ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಸಿನೆಮಾ ಹುಡುಗರನ್ನು ಕೆಡಿಸುತ್ತದೆ, ಕೂಲಿಯವನ ಕಾಸು ನುಂಗುತ್ತದೆ ಎಂಬ ದೊಡ್ಡ ಮಾತುಗಳು ನಮ್ಮ ಬಾಯಲ್ಲೂ ಇದ್ದವು. ಒಮ್ಮೆ ಹೀಗೆ ನಿಲ್ಲಿಸಿದ ಹುಡುಗನೊಬ್ಬ, ಗಿರಣಿಯಲ್ಲಿ ಅರಳೆ ಹೊರುವವನ ಮಗ, ಮೆಲ್ಲಗೆ ಹೇಳಿದ: “ಸಾರ್, ನಮ್ಮಪ್ಪಾನೂ ಬಂದಿದ್ರು. ಅವರೇ ಕರ್ಕೊಂಡು ಹೋದದ್ದು. ಅವರನ್ನೂ ನಿಲ್ಲಿಸ್ತೀರಾ?” ನಮಗೆ ಉತ್ತರ ತೋಚಲಿಲ್ಲ. ವಾರವಿಡೀ ಮಗನ ಮುಖ ನೋಡಲು ಪಾಳಿ ಬಿಡದ ತಂದೆ, ಒಂದು ಮಧ್ಯಾಹ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಊರಿನಲ್ಲಿ ಅವನ ಕೈಗೆ ಎಟುಕಿದ್ದ ಜಾಗ ಅದೊಂದೇ. ಇನ್ನೂ ಒಂದು ಸಂಗತಿ. ನಮ್ಮ ಪಠ್ಯಪುಸ್ತಕದಲ್ಲಿ ಅಕ್ಷರ ಕೂಡಿಸಲಾರದ ಹುಡುಗರು ಗೋಡೆಯ ಪೋಸ್ಟರನ್ನು ತಡವರಿಸದೆ ಓದುತ್ತಿದ್ದರು. ಯಾರು ಯಾರಿಗೆ ಮೇಷ್ಟ್ರಾಗಿದ್ದರೋ!

ಗಿರಣಿಯ ಮಾತು ಬಂದಿತು. ಗಿರಣಿಯ ಬಂಧುಗಳು ಇನ್ನು ಮುಂದಿನದನ್ನು ಕಿವಿಗೊಟ್ಟು ಕೇಳಬೇಕು.

ಬೆಂಗಳೂರಿನ ಮಲ್ಲೇಶ್ವರದಲ್ಲಿ 1884ರಲ್ಲಿ ಶುರುವಾದ ಒಂದು ನೂಲಿನ ಗಿರಣಿ ಇತ್ತು. ಜನ ಅದನ್ನು ರಾಜಾ ಮಿಲ್ಲು ಎನ್ನುತ್ತಿದ್ದರು. ಸಾವಿರಾರು ಕೈಗಳು ಅಲ್ಲಿ ನೂಲು ತೆಗೆದವು. ಇಂದು ಆ ನೆಲದ ಮೇಲೆ ನಿಂತಿರುವುದು ಏನು? 2010ರಲ್ಲಿ ತೆರೆದ ಭಾರೀ ಮಾಲು, ಅದರೊಳಗೆ ಹಲವು ಪರದೆಗಳ ಮಲ್ಟಿಪ್ಲೆಕ್ಸು. ಬಿನ್ನಿ ಗಿರಣಿಯ ಹೆಸರು ಕೇಳದ ಕಾರ್ಮಿಕನಿಲ್ಲ. ಅದರ ನೆಲದ ಮೇಲೂ ಆಕಾಶ ಮುಟ್ಟುವ ಮನೆಗಳು, ಮಾಲು, ಮಾಲಿನೊಳಗೆ ಪರದೆಗಳು. ಮೊದಲು ಗಿರಣಿ ಹೋಯಿತು, ಅದರೊಂದಿಗೆ ಸಂಬಳ ಹೋಯಿತು. ಗಿರಣಿಯವರ ಬೆಂಚಿದ್ದ ಟಾಕೀಸುಗಳು ಒಂದೊಂದಾಗಿ ಹೋದವು. ಆಮೇಲೆ, ಅದೇ ನೆಲದ ಮೇಲೆ, ಅದೇ ಕಾರ್ಮಿಕನ ಮೊಮ್ಮಗನಿಗೆ ಟಿಕೀಟು ಮಾರಲು ಹೊಸಬರು ಕೂತರು. ಅಜ್ಜ ದುಡಿದ ಜಾಗಕ್ಕೆ ಮೊಮ್ಮಗ ಕಾಸು ಕೊಟ್ಟು ಒಳಗೆ ಹೋಗಬೇಕು. ಕಾಸಿಲ್ಲದಿದ್ದರೆ ಹೊರಗೆ ನಿಂತು ಕಾವಲಿನ ಕೆಲಸ ಮಾಡಬಹುದು.

ಎಷ್ಟು ಕಾಸು? ಸರ್ಕಾರದ ಲೆಕ್ಕವನ್ನೇ ಹಿಡಿಯೋಣ. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಟಿಕೀಟಿಗೆ 200 ರೂ. ಮಿತಿ ಹಾಕಲು ಹೊರಟಿತು. ಅದು ನ್ಯಾಯಾಲಯದ ಮೆಟ್ಟಿಲೇರಿ ಅಲ್ಲಿಯೇ ಉಳಿಯಿತು. 2025ರ ಮುಂಗಡಪತ್ರದಲ್ಲಿ ಅದೇ ಮಾತು ಮತ್ತೆ ಬಂತು. ಸೆಪ್ಟೆಂಬರ್ 12ರಂದು ನಿಯಮವೂ ಹೊರಟಿತು, ತೆರಿಗೆ ಬಿಟ್ಟು 200 ರೂ. ಎಂದು. ಎಪ್ಪತ್ತೈದು ಆಸನದೊಳಗಿನ ಐಷಾರಾಮಿ ಪರದೆಗಳಿಗೆ ಅದರಿಂದಲೂ ವಿನಾಯಿತಿ! ಹನ್ನೊಂದೇ ದಿನ. 23ರಂದು ಉಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ವಿಷಯ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೋದಾಗ, ನೀರಿಗೆ ನೂರು, ಕಾಫಿಗೆ ಏಳುನೂರು ತೆಗೆದುಕೊಂಡರೆ ಮಂದಿರಗಳು ಬರಿದಾಗವೇ ಎಂಬರ್ಥದ ಮಾತನ್ನು ನ್ಯಾಯಮೂರ್ತಿಗಳೇ ಆಡಿದರು.

ನಮ್ಮ ಪ್ರಶ್ನೆ ಅದಕ್ಕೂ ಹಿಂದಿನದು. ಮಿತಿ ಜಾರಿಗೆ ಬಂದಿತೆಂದೇ ಇಟ್ಟುಕೊಳ್ಳಿ. 200ರ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ. ಸೇರಿದರೆ 236. ಗಂಡ, ಹೆಂಡತಿ, ಎರಡು ಮಕ್ಕಳು ಎಂದರೆ 944 ರೂ. ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ 2025-26ಕ್ಕೆ ಗೊತ್ತುಮಾಡಿದ್ದ ದಿನಗೂಲಿ 370 ರೂ. ಎರಡೂವರೆ ದಿನಕ್ಕಿಂತ ಹೆಚ್ಚು ಮಣ್ಣು ಹೊತ್ತರೆ ಎರಡೂವರೆ ಗಂಟೆಯ ಚಿತ್ರ. ಇನ್ನೂ ಯಾರೂ ಬಾಯಾರಿ ನೀರು ಕೇಳಿಲ್ಲ! ಬಡವನ ಪರವೆಂದು ಸರ್ಕಾರ ಎತ್ತಿ ಹಿಡಿದ ಮಿತಿಯೇ ಬಡವನ ತಲೆಯ ಮೇಲೆ ಇಷ್ಟು ಎತ್ತರದಲ್ಲಿದೆ. ಆ ಎತ್ತರವೂ ಸಾಲದೆಂದು ಧಣಿಗಳು ನ್ಯಾಯಾಲಯಕ್ಕೆ ಹೋದರು.

ತೆರಿಗೆಯ ಕಥೆಯನ್ನೂ ಮರೆಯಬಾರದು. ಜಿ.ಎಸ್.ಟಿ. ಬರುವ ಮುನ್ನ ಕನ್ನಡ ಚಿತ್ರಕ್ಕೆ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು. 2017ರ ಜುಲೈಯಿಂದ ನೂರು ರೂಪಾಯಿಗಿಂತ ಮೇಲಿನ ಟಿಕೀಟಿಗೆ ನೂರಕ್ಕೆ 28, ಕೆಳಗಿನದಕ್ಕೆ 18. 2019ರಲ್ಲಿ ಅದು 18 ಮತ್ತು 12 ಆಯಿತು. 2025ರ ಸೆಪ್ಟೆಂಬರ್ 22ರಿಂದ ನೂರರ ಒಳಗಿನ ಟಿಕೀಟಿಗೆ 5ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ನೂರರ ಒಳಗೆ ಟಿಕೀಟು ಮಾರುತ್ತಿದ್ದ ಮಂದಿರಗಳು ಎಷ್ಟೋ ಅಷ್ಟರಲ್ಲಿ ಕಲ್ಯಾಣಮಂಟಪವಾಗಿ, ಗೋದಾಮಾಗಿ, ಬಯಲಾಗಿ ಹೋಗಿದ್ದವು. ಪೈರು ಒಣಗಿದ ಮೇಲೆ ಮಳೆ.

ಅಂಗಡಿಕಾರ ಮಿತ್ರರೇ, ಈ ಸಂಗತಿ ಗಿರಣಿಯವರದು, ನಮ್ಮದಲ್ಲ ಎಂದು ಪುಟ ತಿರುಗಿಸಬೇಡಿ. ಸಾವಿರ ಜನರ ಚಿತ್ರಮಂದಿರವೊಂದು ದಿನಕ್ಕೆ ನಾಲ್ಕು ಆಟ ನಡೆಸಿದರೆ ನಾಲ್ಕು ಸಲ ಬೀದಿ ತುಂಬುತ್ತಿತ್ತು. ಆ ಜನ ಎಲ್ಲಿಗೆ ಹೋಗುತ್ತಿದ್ದರು? ಎದುರಿನ ಹೋಟೆಲಿಗೆ, ಬೀಡಾ ಅಂಗಡಿಗೆ, ಸೋಡಾ ಗಾಡಿಗೆ, ಹುರಿಗಡಲೆ ಕಡಲೆಕಾಯಿಯ ಬುಟ್ಟಿಗೆ, ಹೂವಿನವಳ ಬಳಿಗೆ. ಸೈಕಲ್ ಸ್ಟಾಂಡಿನವನು ಒಂದು ಸಂಸಾರ ಸಾಕುತ್ತಿದ್ದ. ಪೋಸ್ಟರು ಅಂಟಿಸುವವನಿಗೆ ಗುರುವಾರ ರಾತ್ರಿ ಹಬ್ಬ. ಎರಡನೆಯ ಆಟ ಬಿಡುವವರೆಗೆ ಕಾದು ಇಡ್ಲಿ ಮಾರುತ್ತಿದ್ದ ಹೆಂಗಸನ್ನು ನಮ್ಮ ಊರಿನವರಾರೂ ಮರೆತಿಲ್ಲ. ಕಡಲೆಕಾಯಿಯವನು ಚಿತ್ರದ ಗುಣವನ್ನು ವಿಮರ್ಶಕರಿಗಿಂತ ಮೊದಲೇ ಹೇಳುತ್ತಿದ್ದ: ವಿರಾಮದಲ್ಲಿ ಬುಟ್ಟಿ ಬರಿದಾದರೆ ಚಿತ್ರ ಸೋತಿತು, ಜನ ಬೇಸತ್ತು ಹೊರಗೆ ಬಂದಿದ್ದಾರೆ, ಬುಟ್ಟಿ ತುಂಬಿಯೇ ಉಳಿದರೆ ನೂರು ದಿನ.

ಮಾಲಿನೊಳಗೆ ಈ ಬುಟ್ಟಿಗೆ ಪ್ರವೇಶವಿಲ್ಲ. ಹೊರಗಿನ ತಿಂಡಿಯನ್ನು ತಡೆಯುವ ಅಧಿಕಾರ ಚಿತ್ರಮಂದಿರದವರಿಗಿದೆಯೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕುಡಿಯುವ ನೀರನ್ನು ಮಾತ್ರ ಪುಕ್ಕಟೆ ಕೊಡಬೇಕೆಂದಿತು. ಕಾನೂನಿನ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಮಲ್ಟಿಪ್ಲೆಕ್ಸಿನವರಿಗೆ ಟಿಕೀಟಿನ ನಂತರದ ದೊಡ್ಡ ಆದಾಯ ತಿಂಡಿಯದೇ ಎಂಬುದು ಎಲ್ಲರಿಗೂ ಗೊತ್ತು. ಬೀದಿಯ ಇಪ್ಪತ್ತು ಜನ ಹಂಚಿಕೊಳ್ಳುತ್ತಿದ್ದ ವ್ಯಾಪಾರವನ್ನು ಒಂದೇ ಗಲ್ಲಾಪೆಟ್ಟಿಗೆಗೆ ತಿರುಗಿಸಿದ್ದಾರೆ. ಆಟ ಮುಗಿದ ಮೇಲೆ ಜನ ಬೀದಿಗೆ ಬರುವುದೂ ಇಲ್ಲ. ನೆಲಮಾಳಿಗೆಗೆ ಇಳಿದು ಕಾರು ಹತ್ತಿ ಹೋಗುತ್ತಾರೆ. ಮಾಲಿನ ಎದುರಿನ ಅಂಗಡಿಯವನು ಗಾಜಿನ ಗೋಡೆಯನ್ನು ನೋಡುತ್ತ ಕೂರಬೇಕು. ಈ ಗಲ್ಲಾಪೆಟ್ಟಿಗೆಯಾದರೂ ಹಲವರ ಕೈಯಲ್ಲಿದೆಯೇ? ದೇಶದ ಎರಡು ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳು 2022ರಲ್ಲಿ ಕೂಡಿಕೊಳ್ಳುವುದಾಗಿ ಸಾರಿ 2023ರಲ್ಲಿ ಒಂದೇ ಆದವು. ಸಾವಿರದ ಆರುನೂರರ ಸುಮಾರು ಪರದೆಗಳು ಒಂದೇ ಮುಷ್ಟಿಯಲ್ಲಿ. ಯಾವ ಊರಿನಲ್ಲಿ ಯಾವ ಚಿತ್ರ, ಯಾವ ಹೊತ್ತಿಗೆ, ಎಷ್ಟು ದರಕ್ಕೆ ಎಂಬುದನ್ನು ದೂರದ ಕಚೇರಿಯೊಂದರ ಯಂತ್ರ ಗೊತ್ತುಮಾಡುತ್ತದೆ. ಕನ್ನಡ ಚಿತ್ರಕ್ಕೆ ಬೆಳಗಿನ ಎಂಟರ ಆಟ ಕೊಟ್ಟು ‘ಜನ ಬರಲಿಲ್ಲ’ ಎಂದರೆ ಅನಕೃ ಅವರ ಕಾಲದ ಹೋರಾಟವನ್ನು ಯಾರ ವಿರುದ್ಧ ಮಾಡಬೇಕು? ಗೇಟು ಎಲ್ಲಿದೆ?

ಇನ್ನು ಎದುರಾಳಿಗಳ ವಾದ. ಜನರಿಗೇ ಟಾಕೀಸು ಬೇಡವಾಗಿದೆ, ಎಲ್ಲರ ಕೈಯಲ್ಲೂ ಮೊಬೈಲಿದೆ, ಮನೆಯಲ್ಲಿಯೇ ಚಿತ್ರ ನೋಡುತ್ತಾರೆ, ಸಾವಿರದ ಮುನ್ನೂರು ಆಸನಕ್ಕೆ ಮೂವತ್ತು ಜನ ಬಂದರೆ ಮಾಲೀಕ ವಿದ್ಯುತ್ತಿನ ಬಿಲ್ಲು ಹೇಗೆ ಕಟ್ಟಿಯಾನು, ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಒಂದು ಪರದೆಯ ಮಾಲೀಕನನ್ನು ನಾವು ವೈರಿಯೆಂದು ಕರೆಯುವುದಿಲ್ಲ. ಅವನೂ ಒಬ್ಬ ವ್ಯಾಪಾರಿ. ರೀಲು ಹೋಗಿ ಡಿಜಿಟಲ್ ಬಂದಾಗ ಹೊಸ ಯಂತ್ರಕ್ಕೆ ಸುರಿದ, 2020ರ ಮಾರ್ಚಿನಲ್ಲಿ ಕೋವಿಡ್ಡಿಗೆ ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ಕಾದ, ತೆರೆದು ಮತ್ತೆ 2021ರಲ್ಲಿ ಮುಚ್ಚಿದ. ಅವನ ಕಷ್ಟಕ್ಕೆ ಸಹಾನುಭೂತಿ ಇದೆ. ಆಪರೇಟರನ ಕಷ್ಟಕ್ಕೆ, ಗೇಟಿನವನ ಕಷ್ಟಕ್ಕೆ ಇನ್ನೂ ಹೆಚ್ಚಿನ ಸಹಾನುಭೂತಿ ಇದೆ. ಅವರ ಹೆಸರನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಆದರೆ ಜನರಿಗೆ ಬೇಡವೆಂಬ ಮಾತು ಸುಳ್ಳು. 2022ರಲ್ಲಿ ‘ಕೆ.ಜಿ.ಎಫ್.’ನ ಎರಡನೆಯ ಭಾಗ, ಅದೇ ವರ್ಷ ‘ಕಾಂತಾರ’, 2025ರಲ್ಲಿ ಅದರ ಇನ್ನೊಂದು ಅಧ್ಯಾಯ ಬಂದಾಗ ಜನ ಎಲ್ಲಿಂದ ಬಂದರು? ಮೊಬೈಲು ಆಗಲೂ ಕೈಯಲ್ಲಿತ್ತಲ್ಲ! ಒಟ್ಟಿಗೆ ಕೂತು ನೋಡುವ ಆಸೆ ಸತ್ತಿಲ್ಲ. ವರ್ಷಕ್ಕೆ ಎರಡು ಚಿತ್ರದಿಂದ ಮಂದಿರ ಬದುಕುವುದಿಲ್ಲವೆಂಬುದು ನಿಜವೇ. ಅದಕ್ಕೆ ನಮ್ಮ ದೊಡ್ಡ ನಾಯಕನಟರೂ ಉತ್ತರ ಹೇಳಬೇಕು. ವರ್ಷಕ್ಕೆ ಹತ್ತು ಚಿತ್ರ ಮಾಡಿದ ಕಲಾವಿದರನ್ನು ಕಂಡ ನಾಡಿನಲ್ಲಿ ಒಂದು ಚಿತ್ರಕ್ಕೆ ಎರಡು ಮೂರು ವರ್ಷ ಕಾಯಿಸಿ, ಗಡ್ಡ ಬಿಡುವುದನ್ನೇ ತಪಸ್ಸೆಂದು ಪ್ರಚಾರ ಮಾಡುವವರನ್ನು ನಂಬಿ ಟಾಕೀಸಿನವನು ಒಲೆ ಹಚ್ಚುವುದು ಹೇಗೆ?

ಚಿತ್ರಮಂದಿರವನ್ನು ನಿಜವಾಗಿ ಕೊಂದದ್ದು ಮೊಬೈಲಲ್ಲ, ಅದರ ಕೆಳಗಿನ ನೆಲ. ಬಡಾವಣೆಯ ಅಂಚಿನಲ್ಲಿ ಕಟ್ಟಿದಾಗ ಆ ನೆಲಕ್ಕೆ ದೊಡ್ಡ ಬೆಲೆಯಿರಲಿಲ್ಲ. ರಸ್ತೆ ಅಗಲ ಮಾಡಿದವರು ಯಾರು? ನೀರು, ದೀಪ, ಬಸ್ಸು, ಮೇಲ್ಸೇತುವೆ ತಂದ ಹಣ ಯಾರದು? ನಮ್ಮ ನಿಮ್ಮ ತೆರಿಗೆಯದು. ಊರೆಲ್ಲ ಸೇರಿ ಆ ನೆಲಕ್ಕೆ ಬೆಲೆ ತಂದಿತು. ಬೆಲೆ ಬಂದ ದಿನ, ಅದರ ಮೇಲೆ ಚಿತ್ರ ತೋರಿಸುವುದು ದಡ್ಡತನವೆಂಬ ಲೆಕ್ಕ ಹುಟ್ಟಿತು. ಗಿರಣಿಗೂ ಹೀಗೆಯೇ ಆಗಿತ್ತಲ್ಲವೇ? ನೂಲಿಗಿಂತ ನೆಲ ಲಾಭವೆಂದು ಕಂಡ ದಿನ ಯಂತ್ರಗಳು ‘ನಷ್ಟ’ದಲ್ಲಿ ನಡೆಯತೊಡಗಿದವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂಥ ವ್ಯವಹಾರ ನೋಡಿಯೇ ಹುಟ್ಟಿರಬೇಕು.

ಚಿತ್ರಮಂದಿರ ಬರಿಯ ಖಾಸಗಿ ಮನೆಯೂ ಅಲ್ಲ. 1964ರ ಕರ್ನಾಟಕ ಸಿನೆಮಾ ನಿಯಂತ್ರಣ ಕಾಯಿದೆಯ ಕೆಳಗೆ ಸರ್ಕಾರದ ಲೈಸೆನ್ಸಿಲ್ಲದೆ ಅದು ಒಂದು ದಿನವೂ ನಡೆಯುವಂತಿಲ್ಲ. ಬಾಗಿಲು ಎಷ್ಟಿರಬೇಕು, ಬೆಂಕಿ ಆರಿಸುವ ಮರಳಿನ ಬಕೀಟು ಎಲ್ಲಿರಬೇಕು ಎಂಬುದಕ್ಕೆ ನಿಯಮ ಇತ್ತು. ತೆರೆಯುವುದಕ್ಕೆ ಇಷ್ಟು ನಿಯಮ ಬರೆದ ಸರ್ಕಾರ, ಕೆಡವುವಾಗ ಊರಿನವರನ್ನು ಒಂದು ಮಾತು ಕೇಳಬೇಕೆಂದು ಏಕೆ ಬರೆಯಲಿಲ್ಲ?

ಇದೆಲ್ಲ ಆಗದ ಮಾತು ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇವೆ. ನೆರೆಯ ಕೇರಳದಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ 1975ರಲ್ಲಿ ಹುಟ್ಟಿತು. ತಿರುವನಂತಪುರದ ಕೈರಳಿ, ಶ್ರೀ ಮೊದಲಾದ ಚಿತ್ರಮಂದಿರಗಳು ಆ ನಿಗಮದವೇ, ಎಂದರೆ ಜನರವೇ. ಇನ್ನೊಂದು ಬಹುದೂರದ್ದು. ಲಂಡನ್ನಿನ ಅಂಚಿಗೆ ವಾಲ್ತಮ್‌ಸ್ಟೋ ಎಂಬ ಬಡಾವಣೆ. ಸಮಾಜವಾದಿ ಲೇಖಕ ವಿಲಿಯಂ ಮಾರಿಸ್ 1834ರಲ್ಲಿ ಹುಟ್ಟಿದ ಊರು, ಉದ್ದನೆಯ ಬೀದಿಸಂತೆಗೆ ಹೆಸರಾದದ್ದು. ಅಲ್ಲಿ 1930ರಲ್ಲಿ ಗ್ರನಾಡಾ ಎಂಬ ಸುಮಾರು 2,700 ಆಸನದ ಚಿತ್ರಮಂದಿರ ತೆರೆಯಿತು. 2003ರಲ್ಲಿ ಮುಚ್ಚಿತು. ಒಂದು ಧರ್ಮಸಂಸ್ಥೆ ಅದನ್ನು ಕೊಂಡು ಪ್ರಾರ್ಥನಾಮಂದಿರ ಮಾಡಲು ಹೊರಟಾಗ ಊರಿನವರು ಒಪ್ಪಲಿಲ್ಲ, ಸ್ಥಳೀಯ ಕೌನ್ಸಿಲು ಅನುಮತಿ ಕೊಡಲಿಲ್ಲ. ವರ್ಷಗಟ್ಟಲೆ ಕಟ್ಟಡಕ್ಕೆ ಬೀಗ. ಬೀಗ ಹಾಕಿ ಸುಮ್ಮನಿದ್ದರೆ ಮಳೆಯೇ ಕೆಡವಿಕೊಡುತ್ತದೆಂಬ ಉಪಾಯ ಎಲ್ಲ ದೇಶದ ಧಣಿಗಳಿಗೂ ಗೊತ್ತು. ಊರಿನವರು ಬಿಡಲಿಲ್ಲ. 2019ರಲ್ಲಿ ಕೌನ್ಸಿಲೇ ಅದನ್ನು ಕೊಂಡಿತು. 2025ರ ಮೇ ತಿಂಗಳಲ್ಲಿ ಸಾವಿರದ ಹತ್ತಿರ ಆಸನಗಳ ರಂಗಮಂದಿರವಾಗಿ ಅದು ಮತ್ತೆ ತೆರೆಯಿತು. ಅಲ್ಲಿನ ಟಿಕೀಟೂ ಅಗ್ಗವೇನಲ್ಲ, ಅದು ಪೂರ್ತಿ ಸಿನೆಮಾ ಮಂದಿರವಾಗಿಯೂ ಉಳಿಯಲಿಲ್ಲ. ಬಣ್ಣ ಹಚ್ಚಿ ಹೇಳುವುದು ಬೇಡ. ಆದರೆ ಹದಿನಾರು ವರ್ಷ ಹಟ ಹಿಡಿದ ಊರಿನ ಮುಂದೆ ನೆಲದ ಬೆಲೆ ಸೋತಿತು.

ನಮ್ಮ ಊರಿನಲ್ಲಿ ಆ ಹಟ ಇದೆಯೇ? ನಗರಸಭೆಯ ಮುಂದೆ ನಾವು ಇಡುವ ಬೇಡಿಕೆ ದೊಡ್ಡದೇನಲ್ಲ. ಬೀಗ ಬಿದ್ದ ಟಾಕೀಸನ್ನು ಕೆಡವಲು ಯಾರಾದರೂ ಅನುಮತಿ ಕೇಳಿದರೆ, ಆ ಅರ್ಜಿಯನ್ನು ಊರಿನ ಸಭೆ ಕರೆದು ಓದಬೇಕು. ಅಲ್ಲಿ ಏನೇ ಕಟ್ಟಲಿ, ಅದರೊಳಗೆ ಇನ್ನೂರು ಮುನ್ನೂರು ಜನ ಕೂರುವ ಒಂದು ಮಂದಿರ ಇರಲೇಬೇಕು. ಅದರ ಅರ್ಧ ಆಸನ ನೂರು ರೂಪಾಯಿಯ ಒಳಗಿರಬೇಕು. ಕೇಂದ್ರ ಸರ್ಕಾರವೇ ತೆರಿಗೆ ಇಳಿಸಿದೆ, ನೆಪ ಬೇಡ. ಮಾಲೀಕರಿಗೆ ನಡೆಸಲು ಮನಸ್ಸಿಲ್ಲದಿದ್ದರೆ ನಗರಸಭೆ ಗುತ್ತಿಗೆಗೆ ಪಡೆಯಲಿ, ಕೆಲಸಗಾರರ ಸಹಕಾರ ಸಂಘಕ್ಕೆ ಕೊಡಲಿ. ಹಗಲು ಶಾಲೆಯ ಮಕ್ಕಳ ನಾಟಕ, ಸಂಜೆ ಚಿತ್ರ, ತಿಂಗಳಿಗೊಮ್ಮೆ ಸಂಘದ ಸಭೆ ನಡೆಯಲಿ. ಗೇಟಿನ ಹೊರಗೆ ಹತ್ತು ಗಾಡಿಗಳಿಗೆ ಜಾಗ ಗೊತ್ತುಮಾಡಿ, ಪೊಲೀಸಿನವರು ಅವರಿಂದ ಮಾಮೂಲು ವಸೂಲು ಮಾಡದಂತೆ ನೋಡಿಕೊಳ್ಳಲಿ. ಅಭಿವೃದ್ಧಿಯ ಹೆಸರಿನಲ್ಲಿ ಯಾರೂ ನೋಡದ ಕಾರಂಜಿಗೂ ಕಮಾನಿಗೂ ಸುರಿಯಲು ಇರುವ ಹಣ ಇದಕ್ಕೆ ಇಲ್ಲವೆಂದರೆ ನಾವು ನಂಬುವುದಿಲ್ಲ.

ಅರ್ಜಿ ಬರೆದು ಪಕ್ಷದ ಕಚೇರಿಯಲ್ಲಿ ಇಟ್ಟಿದ್ದೇವೆ. ಎರಡನೆಯ ಪಾಳಿ ಬಿಟ್ಟು ಬರುವವರಿಗಾಗಿ ಈ ವಾರವಿಡೀ ರಾತ್ರಿ ಹನ್ನೊಂದೂವರೆಯವರೆಗೆ ದೀಪ ಉರಿಯುತ್ತದೆ. ಅಂಗಡಿಯವರು ಬಾಗಿಲು ಹಾಕಿದ ಮೇಲೆ ಬರಬಹುದು. ಗಾಡಿಯವರು, ಇಡ್ಲಿಯ ಅಮ್ಮ, ಹಳೆಯ ಸೈಕಲ್ ಸ್ಟಾಂಡಿನ ಯಜಮಾನರು ತಪ್ಪದೆ ಬರಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಬೆಂಚಿನ ಮೇಲೆ ನಾವು ನಿಲ್ಲಿಸಿದ್ದ ಆ ಹುಡುಗ ಈಗ ಗಿರಣಿಯಲ್ಲಿದ್ದಾನೆ. ಮೊದಲ ಸಹಿ ಅವನದೇ.